ಟೆಲಿಫೋನ್ ಮೇಡಂ ಕೇಳಿಸಿಕೊಂಡ ಸದ್ದು

ಅವರು ತೀರಿಕೊಂಡ ಮೇಲೆ ಹಲಸೂರಿನ ಅವರ ಮನೆಯ ಮುಂದೆ ಶಾಮಿಯಾನ ಹಾಕಿ ಒಂದು ಸಣ್ಣ ಸಭೆ ಮಾಡಿದರು. ಹಳೆಯ ಸಹೋದ್ಯೋಗಿಯೊಬ್ಬರು ಮೈಕ್ ಹಿಡಿದು, "ಸಾತ್ವಿಕ ಜೀವ. ಒಂದು ದಿನವೂ ಯಾರಿಗೂ ಎದುರು ಮಾತಾಡಿದವರಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ನಗು ತಡೆಯಲಾಗದೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದವರು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಎದುರು ಮಾತಾಡುವುದೇ ಅವರ ಒಳ್ಳೆಯ ಗುಣವಾಗಿತ್ತು. ಅದನ್ನೇ ಕಿತ್ತುಕೊಂಡು ಕಳಿಸಿಕೊಟ್ಟರೆ ಉಳಿಯುವುದು ಬೇರೆ ಯಾರೋ ಮುದುಕಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೀದಿಯಲ್ಲಿ ಎಲ್ಲರೂ ಅವರನ್ನು ಟೆಲಿಫೋನ್ ಮೇಡಂ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಆಮೇಲೆ ದೂರು ವಿಭಾಗದಲ್ಲಿ ಕೂತು ನಿವೃತ್ತರಾದವರು. ನಾನು ಗದಗದಿಂದ ಬಂದು ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಹೋದಾಗ ಮದುವೆಯಾಗಿದೆಯಾ, ಅಡುಗೆಗೆ ಏನು ಮಾಡುತ್ತೀರಿ ಎಂದು ಒಂದನ್ನೂ ಕೇಳಲಿಲ್ಲ. ನಾನು ಎರಡು ಮಾತಾಡುತ್ತಿದ್ದಂತೆ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಕಿವಿಯನ್ನು ನನ್ನ ಕಡೆ ತಿರುಗಿಸಿದರು.

"ಹುಬ್ಬಳ್ಳಿ ಕಡೆಯೋರಾ?"

"ಗದಗ್ರಿ ಮೇಡಂ."

"ಅದೇ ಲೈನು. ಹುಬ್ಬಳ್ಳಿ ಎಕ್ಸ್‌ಚೇಂಜ್ ಹುಡುಗೀರು ಹೀಗೇ ಮಾತಾಡೋರು. ಯಾವಾಗ ಬರ್ತೀರಿ?"

ಅಷ್ಟೇ. ಮನೆ ಸಿಕ್ಕಿತು.

ಕೆಳಗಿನ ಮನೆಯಲ್ಲಿ ಅವರು, ಮಗ, ಸೊಸೆ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಹಜಾರದಲ್ಲಿ ಬುದ್ಧನ ಒಂದು ಬಿಳಿ ಮೂರ್ತಿ, ಅದರ ಪಕ್ಕದಲ್ಲೇ ಕೆಟ್ಟುಹೋದ ಕರಿ ಡಯಲ್ ಫೋನು. ಅವರಿಗೆ ಕನ್ನಡ, ತಮಿಳು, ದಖನಿ ಉರ್ದು ಮೂರೂ ಒಂದೇ ಸಲೀಸು. ಬೈಯುವುದಕ್ಕೆ ಮಾತ್ರ ಕನ್ನಡವನ್ನೇ ಬಳಸುತ್ತಿದ್ದರು. "ಬೈಗುಳ ತಿಳೀಬೇಕಲ್ಲ ಅವರಿಗೆ" ಎಂಬುದು ಕಾರಣ. ಈ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ರಸೆಲ್ ಮಾರುಕಟ್ಟೆಯಲ್ಲಿ ಮೀನಿನವನು ಹಾಗೆಂದರೆ ಮೀನನ್ನು ತಟ್ಟೆಗೇ ವಾಪಸು ಹಾಕಿ, "ನೀವೇ ಮಾಡ್ಕೊಳ್ಳಿ. ನನ್ನ ಪಾಲಿನ ಅಡ್ಜಸ್ಟ್ ಮುಗೀತು" ಎಂದು ಮುಂದಿನ ಅಂಗಡಿಗೆ ನಡೆಯುತ್ತಿದ್ದರು.

ಕೆಲಸದಲ್ಲಿದ್ದಾಗಿನ ಒಂದು ಪ್ರಸಂಗವನ್ನು ಅವರೇ ಹೇಳುತ್ತಿದ್ದರು. ಟ್ರಂಕ್ ಕಾಲ್ ತಡವಾಯಿತೆಂದು ಯಾರೋ ದೊಡ್ಡ ಅಧಿಕಾರಿ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದನಂತೆ. ಇವರು ಲೈನ್ ಕತ್ತರಿಸಿಬಿಟ್ಟರು. ಮರುದಿನ ಮೇಲಿನವರು ಕರೆದು ಕ್ಷಮೆ ಕೇಳಬೇಕೆಂದಾಗ, "ಲೈನಲ್ಲಿ ಗಲಾಟೆ ಇತ್ತು ಸಾರ್. ಗಲಾಟೆ ಇದ್ರೆ ಕಟ್ ಮಾಡಿ ಮತ್ತೆ ಕೊಡು ಅಂತ ಟ್ರೈನಿಂಗಲ್ಲಿ ನೀವೇ ಕಲಿಸಿದ್ದು" ಎಂದರಂತೆ. ಕ್ಷಮೆ ಕೇಳಲಿಲ್ಲ.

ನಿವೃತ್ತಿಯ ಮರುವರ್ಷವೇ ಅವರು ಡ್ರೈವಿಂಗ್ ಕಲಿತರು. ಕಲಿಸುವವನು "ಈ ವಯಸ್ಸಲ್ಲಿ ಯಾಕಮ್ಮಾ" ಎಂದದ್ದಕ್ಕೆ ಮರುದಿನದಿಂದ ಅವನನ್ನು ಬಿಟ್ಟು ಬೇರೆ ಕಡೆ ಸೇರಿದರು. ಬೆಳ್ಳಿ ಬಣ್ಣದ ಒಂದು ಚಿಕ್ಕ ಕಾರು ಕೊಂಡರು. ಕಾರಿನಲ್ಲಿ ಕೂತ ತಕ್ಷಣ ಬೆಲ್ಟಿಗಿಂತ ಮೊದಲು ಅವರ ಕೈ ರೇಡಿಯೋಗೆ ಹೋಗುತ್ತಿತ್ತು. ಹಳೆಯ ಹಾಡುಗಳು, ಅದೂ ತಗ್ಗು ಧ್ವನಿಯಲ್ಲಿ. ಹಾಡಿನ ಹಿಂದಿನ ತಂಬೂರಿ ಕೇಳದಿದ್ದರೆ ಅದೆಂಥ ಹಾಡು ಎನ್ನುತ್ತಿದ್ದರು. ಸಂತೆಗೆ, ಕೆ.ಆರ್. ಪುರದ ಅಕ್ಕನ ಮನೆಗೆ, ಸುಮ್ಮನೆ ಹಲಸೂರು ಕೆರೆಯ ಸುತ್ತ ಒಂದು ಸುತ್ತಿಗೆ, ಎಲ್ಲಕ್ಕೂ ಆ ಕಾರು, ಆ ರೇಡಿಯೋ. ನಾನೂ ಎಷ್ಟೋ ಸಲ ಪಕ್ಕದಲ್ಲಿ ಕೂತು ಹೋಗಿದ್ದೇನೆ. ಅವರು ಚೆನ್ನಾಗಿ ಓಡಿಸುತ್ತಿದ್ದರು. ಹಾರ್ನ್ ಹೊಡೆಯುತ್ತಿರಲಿಲ್ಲ; ಹಿಂದಿನವನು ಹೊಡೆದರೆ ದಾರಿ ಬಿಡುತ್ತಲೂ ಇರಲಿಲ್ಲ.

ಒಂದು ಸಲ ಮೆಟ್ರೋ ಕಂಬದ ಹತ್ತಿರ ಆಟೋ ಒಂದು ಅಡ್ಡ ನುಗ್ಗಿ ಅವರ ಕಾರಿನ ಬಾಗಿಲು ತರಚಿತು. ತಪ್ಪು ಆಟೋದವನದು, ಅವನೇ ಒಪ್ಪಿಕೊಂಡ. ಆದರೆ ಮನೆಯಲ್ಲಿ ಮಾತು ಶುರುವಾಯಿತು. ಮಗ ಮಹದೇವಪುರದ ಕಡೆ ಒಂದು ಕಂಪನಿಯಲ್ಲಿದ್ದ. ಮೃದು ಮನುಷ್ಯ, ತಾಯಿಯೆಂದರೆ ಪ್ರಾಣ. "ಇನ್ನು ಸಾಕಮ್ಮ, ಕ್ಯಾಬ್ ಬುಕ್ ಮಾಡಿಕೊಡ್ತೀನಿ" ಎಂದ. "ಕ್ಯಾಬಲ್ಲಿ ಅವನ ಹಾಡು ಕೇಳ್ಬೇಕು. ಬೇಡ" ಎಂದರು ಅವರು. ಮಾತು ಅಲ್ಲಿಗೆ ನಿಂತಿತೆಂದು ನಾವೆಲ್ಲ ತಿಳಿದೆವು.

ಅದಾಗಿ ಕೆಲವು ದಿನಗಳಲ್ಲೇ ಕಾರಿನ ಸ್ಪೀಕರಿನಲ್ಲಿ ಒಂದು ಸದ್ದು ಬರತೊಡಗಿತು. ಹಾಡಿನ ನಡುವೆ ಇದ್ದಕ್ಕಿದ್ದಂತೆ ಟಿಟಿಟಿಕ್, ಟಿಟಿಟಿಕ್, ಆಮೇಲೆ ಒಂದು ಉದ್ದನೆಯ ಝುಂಯ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಅವರು ಮಗನಿಗೆ ಹೇಳಿದರು. ಅವನು ಒಂದು ಸಲ ಪಕ್ಕದಲ್ಲಿ ಕೂತು ಬೀದಿಯ ಕೊನೆಯವರೆಗೆ ಹೋಗಿ ಬಂದು, "ನನಗೇನೂ ಕೇಳಿಸಲಿಲ್ಲವಲ್ಲ" ಎಂದ. ಇನ್ನೊಂದು ದಿನ ಅವರು ಮತ್ತೆ ಹೇಳಿದಾಗ, "ಅಮ್ಮ, ಒಂದ್ಸಲ ಕಿವಿ ತೋರಿಸ್ಕೊಂಡು ಬಂದ್ಬಿಡೋಣ" ಎಂದ.

ಅವರು ಹೋದರು. ಹೆದರಿ ಹೋದವರಲ್ಲ, ವಾದ ಮುಗಿಸಲು ಹೋದವರು. ಡಾಕ್ಟರು ಯಂತ್ರವಿಟ್ಟು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಂತೆ ಕಿವಿ ಸ್ವಲ್ಪ ಮಂದವಾಗಿದೆ, ಕೆಲವರಿಗೆ ಒಳಗೇ ಗುಂಯ್‌ಗುಡುವುದೂ ಉಂಟು ಎಂದರಂತೆ. ಮಗನಿಗೆ ಅಷ್ಟು ಸಾಕಾಯಿತು. ಅಂದು ಸಂಜೆ ಕೆಳಗಿನ ಮನೆಯ ಮಾತು ನನ್ನ ಮಹಡಿಗೂ ಕೇಳಿಸಿತು.

"ಡಾಕ್ಟರೇ ಹೇಳಿದ್ರಲ್ಲಮ್ಮ, ಅದು ಕಿವಿಯೊಳಗಿನ ಸದ್ದು ಅಂತ."

"ಉಂಟು ಅಂದ್ರು. ನನಗಿದೆ ಅನ್ಲಿಲ್ಲ."

"ಎರಡೂ ಒಂದೇ ಅಲ್ವಾ?"

"ಕಿವಿಯೊಳಗೆ ಇದ್ರೆ ಅಡುಗೆಮನೇಲೂ ಕೇಳಿಸ್ಬೇಕು, ಹಾಸಿಗೇಲೂ ಕೇಳಿಸ್ಬೇಕು. ಕಾರಿನ ಬಾಗಿಲು ತೆಗೆದು ಇಳಿದ ತಕ್ಷಣ ಯಾಕಪ್ಪಾ ನಿಲ್ಲುತ್ತೆ? ನನ್ನ ಕಿವಿಗೇನು ಪಾರ್ಕಿಂಗ್ ಗೊತ್ತಾ?"

ಮಗ ಮಾತು ಹೊರಳಿಸಿದ. ಕಿವಿ ಹೀಗಿರುವಾಗ ರಸ್ತೆಯಲ್ಲಿ ಹಾರ್ನ್ ಕೇಳಿಸದೆ ಏನಾದರೂ ಆದರೆ ಎಂದು ಶುರು ಮಾಡಿದ. ಸದ್ದಿನ ಮಾತು ಕೀಲಿಕೈಯ ಮಾತಾಗಿ ತಿರುಗಿದ್ದು ಹೀಗೆ. ತಿಂಗಳ ಕೊನೆಯಲ್ಲಿ ಕಾರು ಮಾರಿಬಿಡೋಣ ಎಂದು ಸೊಸೆಯೂ ಮೆತ್ತಗೆ ಸೇರಿಸಿದಳು.

ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಬೆಳಿಗ್ಗೆ ಕೆಲಸದವಳು ಹೇಳಿದಳು. ನಾನು ಇಳಿದು ಹೋದೆ. ಅವರು ಡಯಲ್ ಫೋನಿನ ಪಕ್ಕ ಕೂತಿದ್ದರು.

"ನಿಮಗೆ ರಜೆ ಯಾವಾಗ?" ಎಂದರು.

"ಯಾಕ್ರೀ ಮೇಡಂ?"

"ಇಷ್ಟು ವರ್ಷ ಸರ್ಕಾರ ನನ್ನ ಈ ಕಿವಿಗೆ ಸಂಬಳ ಕೊಟ್ಟಿದೆ. ಕಾನ್ಪುರದ ಲೈನಲ್ಲಿ ಮಳೆ ಬರ್ತಿದೆಯೋ ಇಲ್ವೋ ಅಂತ ಇಲ್ಲಿ ಕೂತು ಹೇಳ್ತಿದ್ದೆ. ಈಗ ನನ್ನ ಮಗ ನನ್ನ ಕಾರಲ್ಲಿ ಇರೋ ಸದ್ದನ್ನ ಇಲ್ಲ ಅಂತಿದಾನೆ. ಕಾರು ಹೋದ್ರೆ ಹೋಗ್ಲಿ ರೀ. ಕೇಳಿಸಿದ್ದು ಕೇಳಿಸಿಲ್ಲ ಅಂತ ನಾನು ಒಪ್ಪಲ್ಲ. ನೀವು ಬಂದು ಕೂತ್ಕೊಳ್ಳಿ. ನಿಮಗೂ ಕೇಳಿಸ್ಲಿಲ್ಲ ಅಂದ್ರೆ ಕೀಲಿ ಅವನ ಕೈಗೆ ಕೊಟ್ಬಿಡ್ತೀನಿ."

ವಾರದ ನಡುವೆ ಒಂದು ದಿನ ರಜೆ ಹಾಕಿ ನಾನು ಅವರ ಜೊತೆ ಹೊರಟೆ. ಶಿವಾಜಿನಗರದ ಕಡೆ ಹೋಗುತ್ತಾ ಕಮರ್ಷಿಯಲ್ ಸ್ಟ್ರೀಟ್ ತಿರುವಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಹಾಡಿನ ಚರಣದ ಮಧ್ಯದಲ್ಲಿ ಬಂತು ಅದು. ಟಿಟಿಟಿಕ್, ಟಿಟಿಟಿಕ್, ಝುಂಯ್.

"ಬಂತ್ರೀ!" ಎಂದು ನಾನು ಕೂಗಿದೆ.

ಅವರು ನನ್ನ ಕಡೆ ತಿರುಗಲಿಲ್ಲ. ಸ್ಟೇರಿಂಗಿನ ಮೇಲಿದ್ದ ಬೆರಳುಗಳು ಬಿಗಿಯಾದವು, ಅಷ್ಟೆ. ಸಿಗ್ನಲ್ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ, "ಥ್ಯಾಂಕ್ಸ್ ಕಣ್ರೀ" ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಶಿವಾಜಿನಗರದಲ್ಲಿ ಕಾರಿನ ಸ್ಟೀರಿಯೋ ಹಾಕುವ ಒಬ್ಬ ಭಾಯ್ ಇದ್ದ. ರಸ್ತೆಬದಿಯಲ್ಲೇ ಅವನ ಕೆಲಸ. ಅವನು ಸದ್ದನ್ನು ಕೇಳಿ, "ಅಮ್ಮಾ, ಸೆಟ್ ಪುರಾನಾ ಆಗೋಯ್ತು. ಹೊಸದು ಹಾಕ್ಬಿಡ್ತೀನಿ. ಇಲ್ಲಾಂದ್ರೆ ವಾಲ್ಯೂಮ್ ಜಾಸ್ತಿ ಇಟ್ಕೊಳ್ಳಿ, ಗೊತ್ತಾಗಲ್ಲ" ಎಂದ.

"ನಕ್ಕೋ ಭಾಯ್" ಎಂದರು ಅವರು. "ಮುಚ್ಚೋದು ಬೇಡ. ಎಲ್ಲಿಂದ ಬರ್ತಿದೆ ಹೇಳಿ."

ಅವನು ನಕ್ಕು ಕೆಲಸಕ್ಕಿಳಿದ. ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿಸಿದ. ಬ್ಯಾಟರಿ ಚಾರ್ಜ್ ಆಗುವ ಕಡೆಯಿಂದ ಬರುವ ಸದ್ದಾದರೆ ಇಂಜಿನ್ ಜೊತೆ ಏರಬೇಕಂತೆ. ಏರಲಿಲ್ಲ. ಇಂಜಿನ್ ನಿಲ್ಲಿಸಿ ರೇಡಿಯೋ ಮಾತ್ರ ಇಟ್ಟರೂ ಬಂತು. ಸೆಟ್ ಹೊರಗೆಳೆದು, ಅದರ ಅರ್ಥ್ ವೈರು ಕೂತಿದ್ದ ಜಾಗದ ತುಕ್ಕು ಕೆರೆದು ಬಿಗಿದು ಕೂರಿಸಿದ. ಆಗಲೂ ಬಂತು. ಮೇಡಂ ವಾಲ್ಯೂಮನ್ನು ಪೂರ್ತಿ ಇಳಿಸಿದರು. ಹಾಡು ಹೋಯಿತು. ಟಿಟಿಟಿಕ್ ಹೋಗಲಿಲ್ಲ.

"ನೋಡಿ, ಹಾಡಿನ ಜೊತೆ ಬರ್ತಿಲ್ಲ ಇದು" ಎಂದರು. "ದಾರಿಯಲ್ಲಿ ಎಲ್ಲೋ ಸೇರ್ಕೊಳ್ತಿದೆ."

ಆಮೇಲೆ ಅವರು ಕಾರಿನ ನಾಲ್ಕೂ ಬಾಗಿಲು ತೆಗೆಸಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದೊಂದು ಸ್ಪೀಕರಿಗೂ ಬಾಗಿ ಕಿವಿಯಿಟ್ಟು ಕಾದರು. ದಾರಿಹೋಕರು ನಿಂತು ನೋಡಿದರು. ಬಿರಿಯಾನಿ ಅಂಗಡಿಯವನು ಸೌಟು ಹಿಡಿದುಕೊಂಡೇ ಬಂದು ನಿಂತ. ಅವರಿಗೆ ಯಾರ ಪರಿವೆಯೂ ಇರಲಿಲ್ಲ. ಮುಂದಿನ ಎಡ ಬಾಗಿಲಲ್ಲಿ ಅವರು ಬಹಳ ಹೊತ್ತು ಬಾಗಿದ್ದರು. ಎದ್ದು ನಿಂತಾಗ ಮುಖ ಬೇರೆಯಾಗಿತ್ತು.

"ಎಲ್ಲರ ಮೊಬೈಲೂ ಆಚೆ ಇಡಿ" ಎಂದರು.

ನನ್ನದು, ಅವರದು, ಭಾಯ್‌ದು, ಎಲ್ಲವನ್ನೂ ಬಿರಿಯಾನಿ ಅಂಗಡಿಯ ಗಲ್ಲಾದ ಮೇಲೆ ಇಟ್ಟು ಬಂದೆ. ಎಲ್ಲರೂ ಬಾಯಿ ಮುಚ್ಚಿ ಕಾದೆವು. ಬಂತು, ಮೊದಲಿನ ಹಾಗೆಯೇ.

"ಮೊಬೈಲನ್ನ ಲ್ಯಾಂಡ್‌ಲೈನ್ ಪಕ್ಕ ಇಟ್ರೆ, ರಿಂಗ್ ಆಗೋಕ್ ಮುಂಚೆ ಹೀಗೇ ಬರ್ತಿತ್ತು" ಎಂದರು ಮೇಡಂ. "ಆ ದೂರು ನಾನು ನೂರು ಸಲ ಕೇಳಿದೀನಿ. ಈಗ ಕಾರಲ್ಲಿ ಒಂದೂ ಫೋನಿಲ್ಲ. ಆದ್ರೂ ಇದರೊಳಗಿಂದ ಯಾರೋ ಯಾರಿಗೋ ಫೋನ್ ಮಾಡ್ತಿದಾರೆ. ಬಿಚ್ಚು ಭಾಯ್."

ಅವನು ಎಡ ಸೀಟಿನ ಮುಂದಿದ್ದ ಡ್ಯಾಶ್‌ಬೋರ್ಡ್ ಡ್ರಾಯರನ್ನು ಬಿಚ್ಚಿ ಕೈ ತೂರಿಸಿದ. ಕೈ ಅಲ್ಲೇ ನಿಂತಿತು. ಟಾರ್ಚ್ ಬಿಟ್ಟು ನೋಡಿ, ನನ್ನ ಮುಖ ನೋಡಿದ, ಮೇಡಂ ಮುಖ ನೋಡಲಿಲ್ಲ. ಸ್ಪೀಕರ್ ವೈರುಗಳ ಕಟ್ಟಿಗೆ ಟೇಪು ಸುತ್ತಿ ಅಂಟಿಸಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಅದರಲ್ಲಿ ಒಂದು ಹಸಿರು ದೀಪ ಮಿನುಗುತ್ತಿತ್ತು.

"ಟ್ರ್ಯಾಕರ್ ಅಮ್ಮಾ" ಎಂದ ಮೆಲ್ಲಗೆ. "ಬಾಡಿಗೆ ಗಾಡಿಗಳಿಗೆ ಹಾಕ್ತಾರೆ. ಗಾಡಿ ಎಲ್ಲಿದೆ ಅಂತ ಓನರ್ ಫೋನಿಗೆ ಹೋಗ್ತಾ ಇರುತ್ತೆ. ಒಳಗೆ ಸಿಮ್ ಇದೆ. ಏರಿಯಾ ದಾಟಿದ್ರೆ ಮೆಸೇಜ್ ಕೂಡ ಹೋಗುತ್ತೆ."

ಮೇಡಂ ಬಾಗಿ ಆ ಹಸಿರು ದೀಪವನ್ನು ನೋಡಿದರು. ಆಮೇಲೆ ತಮಗೇ ಹೇಳಿಕೊಂಡಂತೆ, "ಮೊನ್ನೆ ಅಕ್ಕನ ಮನೆಯಿಂದ ಬಂದಾಗ ಟಿನ್ ಫ್ಯಾಕ್ಟರಿ ಹತ್ರ ಜಾಮ್ ಇತ್ತಾ ಅಂತ ಕೇಳ್ದ. ನಾನು ಎಲ್ಲಿಗೆ ಹೋಗಿದ್ದೆ ಅಂತ ಇನ್ನೂ ಹೇಳೇ ಇರ್ಲಿಲ್ಲ" ಎಂದರು.

"ತೆಗೆದುಬಿಡ್ಲಾ ಅಮ್ಮಾ?"

"ಬೇಡ. ಹಾಗೇ ಇರ್ಲಿ. ಡ್ರಾಯರ್ ಮಾತ್ರ ಮುಚ್ಬೇಡಿ."

ಅವರು ಕಾರು ಹತ್ತಿದರು. ನಾನು ಫೋನುಗಳನ್ನು ತಂದು ಪಕ್ಕದಲ್ಲಿ ಕೂತೆ. ಡ್ರಾಯರಿನ ಜಾಗ ನನ್ನ ಮೊಣಕಾಲಿನ ಮುಂದೆ ಬಾಯ್ದೆರೆದಿತ್ತು, ವೈರುಗಳು ಜೋಲಾಡುತ್ತಿದ್ದವು. ಮನೆಯ ಕಡೆ ತಿರುಗುತ್ತಾರೆಂದುಕೊಂಡೆ. ಕಾರು ಹಲಸೂರು ದಾಟಿ ಓಲ್ಡ್ ಮದ್ರಾಸ್ ರಸ್ತೆ ಹಿಡಿಯಿತು. ಟಿನ್ ಫ್ಯಾಕ್ಟರಿ ಹತ್ತಿರ ಬರುವಷ್ಟರಲ್ಲಿ ಅವರ ಚೀಲದಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ನಾನು ಚೀಲಕ್ಕೆ ಕೈ ಹಾಕಿದೆ.

"ಎತ್ಬೇಡಿ. ಗಾಡಿ ಓಡಿಸುವಾಗ ಫೋನ್ ಎತ್ಬಾರ್ದು ಅಂತ ಅವನೇ ಹೇಳಿರೋದು."

ಮಹದೇವಪುರದಲ್ಲಿ ಮಗನ ಕಂಪನಿಯಿದ್ದ ದೊಡ್ಡ ಕಟ್ಟಡದ ಗೇಟಿನ ಪಕ್ಕ ಅವರು ಕಾರು ನಿಲ್ಲಿಸಿದರು. ಸೆಕ್ಯುರಿಟಿಯವನು ಓಡಿ ಬಂದ. "ಇಲ್ಲಿ ನಿಲ್ಸಂಗಿಲ್ಲ ಮೇಡಂ."

"ನನ್ನ ಮಗ ಕೆಳಗೆ ಬರ್ತಿದಾನೆ. ಅವನು ಬಂದ ತಕ್ಷಣ ಹೋಗ್ತೀನಿ."

"ಫೋನ್ ಮಾಡಿದೀರಾ?"

"ಮಾಡೋ ಅಗತ್ಯ ಇಲ್ಲಪ್ಪ. ನಾನು ಬಂದಿರೋದು ಅವನಿಗೆ ಗೊತ್ತು."

ಅವನು ನನ್ನನ್ನು ನೋಡಿದ. ನಾನು ಗೇಟನ್ನು ನೋಡಿದೆ. ಕೊರಳಲ್ಲಿ ಗುರುತಿನ ಚೀಟಿ ತೂಗಾಡಿಸಿಕೊಂಡು, ಫೋನು ಕೈಯಲ್ಲೇ ಹಿಡಿದು ಮಗ ಓಡುನಡಿಗೆಯಲ್ಲಿ ಬರುತ್ತಿದ್ದ.

"ಏನಾಯ್ತಮ್ಮ? ಹುಷಾರಾಗಿದೀಯಾ? ಯಾಕೆ ಇಷ್ಟು ದೂರ..."

"ಒಳಗೆ ಬಾ. ಕೂತ್ಕೊ."

ನಾನು ಇಳಿದು ಹಿಂದಿನ ಸೀಟಿಗೆ ಹೋದೆ. ಅವನು ಮುಂದೆ ಕೂತ. ಕೂತ ಮೇಲೆ ಬಿಚ್ಚಿದ ಡ್ರಾಯರು ಕಂಡಿತು. ಅವನ ಮುಖದ ಬಣ್ಣ ಇಳಿದದ್ದು ನನಗೆ ಹಿಂದಿನ ಸೀಟಿನಿಂದಲೇ ಗೊತ್ತಾಯಿತು. ಮೇಡಂ ರೇಡಿಯೋ ಹಾಕಿ, ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಕೈಕಟ್ಟಿ ಕೂತರು. ಹೊರಗೆ ಬಸ್ಸುಗಳು ಹೋಗುತ್ತಿದ್ದವು. ಅವರು ಕಿಟಕಿಗಳನ್ನು ಏರಿಸಿದರು. ಮೂವರೂ ಉಸಿರು ಬಿಗಿಹಿಡಿದು ಕಾದೆವು. ಟಿಟಿಟಿಕ್. ಟಿಟಿಟಿಕ್. ಝುಂಯ್.

"ಕೇಳಿಸ್ತಾ?"

ಅವನು ತಲೆ ತಗ್ಗಿಸಿದ.

"ಬಾಯಿಬಿಟ್ಟು ಹೇಳು. ಕೇಳಿಸ್ತಾ?"

"ಕೇಳಿಸ್ತಮ್ಮ."

"ಯಾರ ಕಿವಿಯೊಳಗೆ?"

ಅವನು ಅಳುವ ಹಾಗಾಗಿದ್ದ. "ಆ ಆಟೋ ತಾಗಿದ ಮೇಲೆ ನನಗೆ ನಿದ್ದೆ ಬರ್ತಿರ್ಲಿಲ್ಲಮ್ಮ. ನೀನು ಎಲ್ಲಿದೀಯ ಅಂತ ಗೊತ್ತಾದ್ರೆ ಸಾಕು ಅನ್ನಿಸ್ತು. ಸದ್ದು ಇದರಿಂದಲೇ ಬರುತ್ತೆ ಅಂತ ನಿಜವಾಗ್ಲೂ ಹೊಳೀಲಿಲ್ಲ."

"ಮೊದಲನೇ ದಿನ ಹೊಳೀಲಿಲ್ಲ ಅನ್ನು, ನಂಬ್ತೀನಿ. ಡಾಕ್ಟರ ಹತ್ರ ಕೂತಾಗಲೂ ಹೊಳೀಲಿಲ್ವಾ?"

ಅವನು ಕೊರಳಿನ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತತೊಡಗಿದ. ಅದೇ ಉತ್ತರವೆಂದು ಮೂವರಿಗೂ ತಿಳಿಯಿತು.

"ನಿನಗೆ ಭಯ ಆದ್ರೆ ಭಯ ಆಯ್ತು ಅಂತ ಹೇಳು" ಎಂದರು ಅವರು. ಧ್ವನಿ ಏರಲಿಲ್ಲ. "ನಾನು ಕೇಳ್ತೀನಿ. ನಿನ್ನ ಭಯಕ್ಕೆ ನನ್ನ ಕಿವಿ ಕೆಟ್ಟಿದೆ ಅನ್ಬೇಡ. ನಾನು ಹದಿನೈದು ದಿನ ನನ್ನ ಕಿವೀನೇ ಅನುಮಾನಿಸಿದೀನಿ ಕಣೋ. ರಾತ್ರಿ ದಿಂಬಿನ ಮೇಲೆ ಮಲಗಿ, ಗುಂಯ್ ಅಂತಿದೆಯಾ ಅಂತ ಕಾದಿದೀನಿ. ಈಗ ಕೀಳು ಅದನ್ನ."

ಅವನು ಬಾಗಿ ಟೇಪು ಹರಿದು, ವೈರು ಕಿತ್ತು, ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮೇಡಂ ವಾಲ್ಯೂಮ್ ಏರಿಸಿದರು. ಯಾವುದೋ ಹಳೆಯ ಹಾಡಿನ ಕೊನೆಯ ಸಾಲು ನಡೆಯುತ್ತಿತ್ತು. ಹಿಂದೆ ತಂಬೂರಿ ಸ್ವಚ್ಛವಾಗಿ ಕೇಳಿಸಿತು.

ಅವನು ಇಳಿದು ಕಿಟಕಿಗೆ ಬಾಗಿ, "ಈಗ ಎಲ್ಲಿಗೆ ಹೋಗ್ತೀಯಮ್ಮ?" ಎಂದ.

"ಗೊತ್ತಿಲ್ಲ. ಹೋದ ಮೇಲೆ ಹೇಳ್ತೀನಿ" ಎಂದು ಅವರು ಗೇರ್ ಹಾಕಿದರು.

ನಾವು ಹೊರಮಾವು ಕಡೆ ತಿರುಗಿ, ಅಪಾರ್ಟ್‌ಮೆಂಟುಗಳ ನಡುವೆ ದಾರಿ ತಪ್ಪಿ, ಒಂದು ಗಾಡಿಯಲ್ಲಿ ಬೋಂಡ ತಿಂದು, ಕತ್ತಲಾಗುವ ಮೊದಲು ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರು ಆ ವಿಷಯ ಎತ್ತಲಿಲ್ಲ. ಗೆದ್ದವರ ಹಾಗೂ ಇರಲಿಲ್ಲ. ಒಂದು ಸಲ ಮಾತ್ರ, ಕೆ.ಆರ್. ಪುರದ ಸೇತುವೆ ಕಂಡಾಗ, "ಅವನಿಗೆ ಜ್ವರ ಬಂದಾಗ ನಾನೂ ಹೀಗೇ ಅವನ ಉಸಿರು ಎಣಿಸ್ಕೊಂಡು ಕೂತಿರ್ತಿದ್ದೆ. ಆದ್ರೆ ಅವನಿಗೆ ಸುಳ್ಳು ಹೇಳಿರ್ಲಿಲ್ಲ" ಎಂದರು.

ಕೆಳಗಿನ ಮನೆಯಲ್ಲಿ ಕೆಲವು ವಾರ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಒಂದು ದಿನ ಮಗ, "ಅಮ್ಮ, ನೀನು ಹೊರಗೆ ಹೋದಾಗ ನನಗೆ ಭಯ ಆಗುತ್ತೆ" ಎಂದು ನೇರವಾಗಿ ಹೇಳಿದನಂತೆ. "ಸರಿ, ತಲುಪಿದ ಮೇಲೆ ಫೋನ್ ಮಾಡ್ತೀನಿ" ಎಂದರಂತೆ ಇವರು. ಮಾಡುತ್ತಿದ್ದರು ಕೂಡ, ಮರೆಯದಿದ್ದರೆ. ಕಾರು ಮಾರುವ ಮಾತು ಮತ್ತೆ ಬರಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಅವರೇ ಒಂದು ಸಂಜೆ ಕೀಲಿಯನ್ನು ಊಟದ ಮೇಜಿನ ಮೇಲಿಟ್ಟು, "ಎದುರಿನ ದೀಪ ಎರಡೆರಡು ಕಾಣ್ತಿದೆ. ಇದು ಕಣ್ಣು, ನನಗೇ ಗೊತ್ತು. ಇನ್ನು ಓಡಿಸಲ್ಲ" ಎಂದರು. ಮಗನ ಕಣ್ಣು ತುಂಬಿ ಬಂತೆಂದು ಸೊಸೆ ಹೇಳಿದಳು.

ಈ ವರ್ಷ ಅವರ ಹೃದಯ ಸೋಲತೊಡಗಿತು. ಇಂದಿರಾನಗರದ ಆಸ್ಪತ್ರೆಯಲ್ಲಿ ನಾನು ನೋಡಲು ಹೋದ ದಿನ ಡಾಕ್ಟರು ಹಾಸಿಗೆಯ ಕಾಲ ಬಳಿ ನಿಂತು ಮಗನಿಗೆ ವಿವರಿಸುತ್ತಿದ್ದರು. ಇನ್ನೊಂದು ದೊಡ್ಡ ಚಿಕಿತ್ಸೆ ಮಾಡಬಹುದು, ಆದರೆ ಅಮ್ಮ ವಾರಗಟ್ಟಲೆ ಕೊಳವೆಗಳ ನಡುವೆ ಮಲಗಿರಬೇಕಾಗುತ್ತದೆ, ನೀವು ಏನಂತೀರಿ ಎಂದರು. ಮಗ ಬಾಯಿ ತೆರೆದ. ತಾಯಿಯನ್ನು ನೋಡಿ ಮುಚ್ಚಿದ.

"ಅವರು ಎಚ್ಚರವಾಗೇ ಇದಾರೆ ಡಾಕ್ಟರ್" ಎಂದ. "ಅವರನ್ನೇ ಕೇಳಿ."

ಮೇಡಂ ಕಣ್ಣು ತೆರೆದು, "ಬೇಡ. ಮನೆಗೆ ಹೋಗೋಣ" ಎಂದರು.

ಮರುದಿನ ನಾವು ಅವರನ್ನು ಕರೆದುಕೊಂಡು ಹೊರಟೆವು. ಆಂಬುಲೆನ್ಸ್ ಬೇಡವೆಂದು ಹಟ ಹಿಡಿದು ಮಗನ ಕಾರಿನ ಮುಂದಿನ ಸೀಟಿನಲ್ಲೇ ಕೂತರು, ಬೆನ್ನಿಗೆ ಎರಡು ದಿಂಬು. ಮೆಟ್ರೋ ಕೆಳಗಿನ ರಸ್ತೆಗೆ ಬಂದಾಗ ಮುಂದೆ ಕೆಂಪು ದೀಪಗಳ ಸಾಲು ಕಂಡಿತು.

"ಇಲ್ಲಿ ಬೇಡ. ಎಡಕ್ಕೆ ತಗೊ" ಎಂದರು, ಉಸಿರು ಎಳೆದುಕೊಳ್ಳುತ್ತಾ. "ಕೇಂಬ್ರಿಡ್ಜ್ ಲೇಔಟ್ ಒಳಗಿಂದ ಹೋಗೋಣ."

ಮಗನ ಫೋನಿನ ಮ್ಯಾಪು ನೇರ ಹೋಗು ಎನ್ನುತ್ತಿತ್ತು. ಅವನು ಎಡಕ್ಕೆ ತಿರುಗಿಸಿದ.